ವೇಷ, ನಿಲುವು, ಚೌಕಟ್ಟು: ವೃತ್ತಿರಂಗಭೂಮಿಯ ಭಾವಚಿತ್ರಗಳ ಬಂಧವನ್ನು ಕುರಿತು

1

ಕನ್ನಡ ವೃತ್ತಿರಂಗಭೂಮಿಯ ಇತಿಹಾಸವನ್ನು ಬರೆಯಹೊರಟವರಿಗೆ ದೊರೆಯುವ ಆಕರಗಳು ಮುಖ್ಯವಾಗಿ ನಾಲ್ಕು ಬಗೆಯವು: ಅಚ್ಚಾದ ನಾಟಕಗಳು ಹಾಗೂ ಹಾಡಿನ ಪುಸ್ತಕಗಳು, ಕಂಪನಿಗಳು ಹಂಚಿದ ಕರಪತ್ರಗಳು, ನಟರ ಆತ್ಮಕಥನಗಳು, ಮತ್ತು ಛಾಯಾಚಿತ್ರಗಳು. ಇವುಗಳಲ್ಲಿ ಮೊದಲ ಮೂರನ್ನು ನಮ್ಮ ವಿದ್ವಾಂಸರು ಒಂದಕ್ಕೊಂದು ಹೋಲಿಸಿ, ಒರೆಗೆ ಹಚ್ಚಿ ಬಳಸಿದ್ದಾರೆ. ನಾಲ್ಕನೆಯದನ್ನು ಮಾತ್ರ ಯಾವ ಪರೀಕ್ಷೆಗೂ ಒಳಪಡಿಸದೆ ಪುಟದ ಅಂದಕ್ಕಾಗಿ ಅಚ್ಚುಹಾಕುವ ರೂಢಿ ಬೆಳೆದುಬಂದಿದೆ. ವೇಷ ತೊಟ್ಟ ನಟನ ಚಿತ್ರವೊಂದು ಸಿಕ್ಕರೆ ಅದು ಆ ನಾಟಕದ ಪ್ರಯೋಗ ಹೇಗಿತ್ತೆಂಬುದಕ್ಕೆ ಸಾಕ್ಷಿ ಎಂದೇ ಭಾವಿಸಲಾಗುತ್ತದೆ. ವೇಷಭೂಷಣ, ಮುಖವರ್ಣಿಕೆ, ಆಂಗಿಕ ಇವೆಲ್ಲವನ್ನೂ ಅದರಿಂದ ನೇರವಾಗಿ ಊಹಿಸಲಾಗುತ್ತದೆ.

ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಿಂದ 1930ರ ದಶಕದವರೆಗಿನ ನಟಭಾವಚಿತ್ರಗಳು ಬಹುಮಟ್ಟಿಗೆ ರಂಗದ ಮೇಲೆ ತೆಗೆದವುಗಳಲ್ಲ. ಅವು ಸ್ಟುಡಿಯೋದಲ್ಲಿ, ಹಗಲು ಬೆಳಕಿನಲ್ಲಿ, ಪ್ರೇಕ್ಷಕರಿಲ್ಲದೆ, ಸಂಗೀತವಿಲ್ಲದೆ ರಚಿಸಿದವು. ಆದ್ದರಿಂದ ಅವುಗಳಿಗೆ ತಮ್ಮದೇ ಆದ ಬಂಧವಿದೆ. ಆ ಬಂಧವನ್ನು ತಿಳಿಯದೆ ಚಿತ್ರದಿಂದ ಪ್ರಯೋಗಕ್ಕೆ ಜಿಗಿಯುವುದು, ಕಾವ್ಯದ ಛಂದಸ್ಸನ್ನು ತಿಳಿಯದೆ ಅದರಿಂದ ಆಡುಮಾತಿನ ಸ್ವರೂಪವನ್ನು ನಿರ್ಧರಿಸಿದಂತೆಯೇ ಸರಿ.

ಈ ವಿಚಾರವನ್ನು ಹೈದರಾಬಾದನ್ನು ಕೇಂದ್ರವಾಗಿಟ್ಟುಕೊಂಡು ಮಂಡಿಸುವುದಕ್ಕೆ ಎರಡು ಕಾರಣಗಳುಂಟು. ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಅನಂತರ ಹೈದರಾಬಾದ್ ರಾಜ್ಯದ ಭಾಗವಾಗಿ ಉಳಿದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವು. ಹೀಗಾಗಿ ಕನ್ನಡ ರಂಗಭೂಮಿಯ ಒಂದು ಭಾಗದ ಪ್ರೇಕ್ಷಕರು ಈ ಸಂಸ್ಥಾನದ ಪ್ರಜೆಗಳಾಗಿದ್ದರು. ಎರಡನೆಯದಾಗಿ, ದಕ್ಷಿಣ ಭಾರತದಲ್ಲಿ ಭಾವಚಿತ್ರದ ಕಲೆ ಒಂದು ನಿಶ್ಚಿತ ವ್ಯಾಕರಣವನ್ನು ಪಡೆದುಕೊಂಡ ಮುಖ್ಯ ಸ್ಥಳಗಳಲ್ಲಿ ಸಿಕಂದರಾಬಾದು ಒಂದು. ರಾಜಾ ದೀನದಯಾಳರ ಸ್ಟುಡಿಯೋ ಇದ್ದುದು ಅಲ್ಲಿಯೇ.

2

ದೀನದಯಾಳರು (1844–1905) ಹುಟ್ಟಿದ್ದು ಮೀರತ್ ಸಮೀಪದ ಸರಧಾನದಲ್ಲಿ. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸಕ್ಕೆ ಸೇರಿ, 1870ರ ದಶಕದಲ್ಲಿ ಛಾಯಾಗ್ರಹಣವನ್ನು ಕೈಗೊಂಡವರು. 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾದರು. ಅವರ ಸ್ಟುಡಿಯೋದ 2,800ಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳನ್ನು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವು 1989ರಲ್ಲಿ ಪಡೆದುಕೊಂಡಿತು. ದೀಪಾಲಿ ದೇವನ್ ಮತ್ತು ಡೆಬೋರಾ ಹಟನ್ ಅವರು 2013ರಲ್ಲಿ ಹೊರತಂದ ಗ್ರಂಥ ಈ ಸ್ಟುಡಿಯೋದ ಕಾರ್ಯವಿಧಾನವನ್ನು ವಿವರವಾಗಿ ಪರಿಶೀಲಿಸಿದೆ.

ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಆಸ್ಥಾನದ ಅಮೀರ ಉಮರಾವರ ಭಾವಚಿತ್ರಗಳ ರಚನೆ. ನಿಂತ ಇಲ್ಲವೆ ಕುಳಿತ ಪೂರ್ಣಾಕೃತಿ, ಕಾಲಡಿಯಲ್ಲಿ ರತ್ನಗಂಬಳಿ, ಒಂದು ಬದಿಗೆ ಕುರ್ಚಿ, ಮೇಜು ಅಥವಾ ಕಟಾಂಜನ, ಹಿಂದೆ ಮಸುಕಾಗಿ ಬರೆದ ಪರದೆ, ಒಂದು ಕೈ ಖಡ್ಗದ ಹಿಡಿಯ ಮೇಲೆ, ಇನ್ನೊಂದು ಕೈ ಆಸರೆಯ ವಸ್ತುವಿನ ಮೇಲೆ. ದೇಹದ ಲಂಬರೇಖೆ ಚೌಕಟ್ಟಿನ ನಡುಗೆರೆಗೆ ಸಮೀಪವಾಗಿರುತ್ತದೆ. ಬದಿಯ ಪೀಠೋಪಕರಣ ಆ ರೇಖೆಗೆ ತೂಕ ಕೊಡುತ್ತದೆ. ನೋಟ ನೇರವಾಗಿರಬಹುದು, ಓರೆಯಾಗಿರಬಹುದು. ಆದರೆ ಮುಖದ ಮೇಲೆ ಭಾವವೊಂದು ಸಂಚರಿಸಬಾರದು. ಸ್ಥಾನಮಾನವನ್ನು ತೋರಿಸುವುದು ಮುಖವಲ್ಲ, ವಸ್ತ್ರ ಮತ್ತು ನಿಲುವು.

ಇದೇ ರಚನೆಯನ್ನು ಕಂಪನಿ ನಾಟಕಗಳ ರಾಜಪಾತ್ರಗಳ ಚಿತ್ರಗಳಲ್ಲಿ ಕಾಣುತ್ತೇವೆ. ಮಖಮಲ್ಲಿನ ಅಂಗಿ, ಜರಿಯ ಕಸೂತಿ, ಕಾಲುಚೀಲ, ಕಿರೀಟ, ಕೈಯಲ್ಲಿ ಖಡ್ಗ ಅಥವಾ ಗದೆ, ಬದಿಗೊಂದು ಕುರ್ಚಿ. ದುಷ್ಯಂತನಾಗಲಿ ಹಿರಣ್ಯಕಶಿಪುವಾಗಲಿ ದರ್ಬಾರಿನ ಸರದಾರನಂತೆಯೇ ನಿಲ್ಲುತ್ತಾನೆ. ಪಾರ್ಸಿ ಕಂಪನಿಗಳಿಂದ ನಮ್ಮ ಮಂಡಳಿಗಳು ಎತ್ತಿಕೊಂಡ ವೇಷಭೂಷಣವೇ ದರ್ಬಾರು ಮತ್ತು ಇಂಗ್ಲಿಷ್ ರಂಗಭೂಮಿಗಳ ಬೆರಕೆಯಾಗಿತ್ತೆಂಬುದು ತಿಳಿದ ವಿಷಯ. ಆದರೆ ನಾವಿಲ್ಲಿ ಒತ್ತಿ ಹೇಳುವುದು ಬೇರೆ ಮಾತು: ವೇಷದ ಜೊತೆಗೆ ನಿಲುವೂ ಆಮದಾಗಿದೆ, ಮತ್ತು ಆ ನಿಲುವು ಬಂದದ್ದು ರಂಗದ ದಾರಿಯಿಂದ ಮಾತ್ರವಲ್ಲ, ಸ್ಟುಡಿಯೋದ ದಾರಿಯಿಂದಲೂ ಹೌದು. ಒಂದೇ ಬಗೆಯ ಕುರ್ಚಿ, ಒಂದೇ ಬಗೆಯ ಪರದೆ, ಒಂದೇ ಬಗೆಯ ಕಂಬ ಜಮೀನುದಾರನಿಗೂ ವಕೀಲನಿಗೂ ನಟನಿಗೂ ಒದಗುತ್ತಿದ್ದವು. ಛಾಯಾಗ್ರಾಹಕನು ಗಿರಾಕಿಯನ್ನು ನಿಲ್ಲಿಸುವ ಕ್ರಮ ಅವನ ಕೈಗೆ ರೂಢಿಯಾಗಿತ್ತು. ಆದ್ದರಿಂದ ರಾಜವೇಷದ ಚಿತ್ರವೊಂದರಲ್ಲಿ ಕಾಣುವ ಗಾಂಭೀರ್ಯವನ್ನು ಆ ನಟನ ಅಭಿನಯದ ಗುಣವೆಂದು ಹೇಳುವ ಮುನ್ನ, ಅದೇ ಸ್ಟುಡಿಯೋದ ಇತರ ಭಾವಚಿತ್ರಗಳಲ್ಲಿ ಅದು ಎಷ್ಟು ಮಂದಿಗೆ ಸಾಮಾನ್ಯವಾಗಿದೆ ಎಂಬುದನ್ನು ನೋಡುವುದು ಅಗತ್ಯ.

3

ದರ್ಬಾರಿನ ನಿಲುವು ಒಂದು ಮೂಲವಾದರೆ, ಎರಡನೆಯ ಮೂಲ ಬಣ್ಣದ ಮುದ್ರಿತ ಚಿತ್ರ. ರಾಜಾ ರವಿವರ್ಮರು (1848–1906) 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಆರಂಭಿಸಿದ ಮೇಲೆ ಅವರ ಪೌರಾಣಿಕ ಚಿತ್ರಗಳು ದಕ್ಷಿಣದ ಮನೆಮನೆಗಳನ್ನು ಹೊಕ್ಕವು. ಮೈಸೂರು ಅರಮನೆಗೂ ಅವರು ಚಿತ್ರಗಳನ್ನು ರಚಿಸಿಕೊಟ್ಟರು. 1902ರಲ್ಲಿ ಅವರು ತಮ್ಮ ಸಹೋದರ ಸಿ. ರಾಜರಾಜವರ್ಮರೊಡನೆ ಹೈದರಾಬಾದಿಗೆ ಬಂದಾಗ ದೀನದಯಾಳರ ಆತಿಥ್ಯವನ್ನು ಪಡೆದಿದ್ದರು. ಚಿತ್ರಕಾರ ಮತ್ತು ಛಾಯಾಗ್ರಾಹಕರ ಈ ಭೇಟಿ ಕೇವಲ ಜೀವನಚರಿತ್ರೆಯ ವಿವರವಲ್ಲ. ಕುಂಚ, ಕ್ಯಾಮರಾ, ರಂಗ ಈ ಮೂರೂ ಪರಸ್ಪರ ಸಾಲ ಪಡೆಯುತ್ತಿದ್ದ ಕಾಲವೊಂದರ ಸೂಚನೆ.

ಶಕುಂತಲೆಯ ಉದಾಹರಣೆಯನ್ನು ನೋಡೋಣ. ಕಾಲಿಗೆ ಚುಚ್ಚಿದ ಮುಳ್ಳನ್ನು ತೆಗೆಯುವ ನೆಪದಲ್ಲಿ ನಿಂತು ಹಿಂದಿರುಗಿ ನೋಡುವ ಶಕುಂತಲೆ ರವಿವರ್ಮರ ಬಹುಪ್ರಸಿದ್ಧ ರಚನೆ. ಅಲ್ಲಿ ಮುಖ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ ತಿರುಗಿದ್ದು ದೇಹವು ಕರ್ಣರೇಖೆಯಾಗಿ ಬಾಗುತ್ತದೆ. ನಾವು ಕಾಣಲಾಗದ ದುಷ್ಯಂತ ಚೌಕಟ್ಟಿನ ಹೊರಗಿರುತ್ತಾನೆ. ಅಣ್ಣಾಸಾಹೇಬ ಕಿರ್ಲೋಸ್ಕರರ ಸಂಗೀತ ಶಾಕುಂತಲ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದಿತು. ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದನ್ನು ಕನ್ನಡಿಗರು ಮರೆಯುವಂತಿಲ್ಲ. ಇತ್ತ ಮೈಸೂರಿನಲ್ಲಿ ಬಸವಪ್ಪಶಾಸ್ತ್ರಿಗಳ (1843–1891) ಕನ್ನಡ ಶಾಕುಂತಲ ಅರಮನೆಯ ನಾಟಕ ಸಭೆಯಿಂದ ಪ್ರಯೋಗಗೊಂಡಿತು. ಹೀಗೆ ಶಕುಂತಲೆಯ ಪಾತ್ರ ಎರಡು ಭಾಷೆಗಳ ರಂಗಗಳಲ್ಲಿ ಪ್ರಚಲಿತವಾಗಿದ್ದಾಗ ಮುದ್ರಿತ ಚಿತ್ರ ಆ ಪಾತ್ರಕ್ಕೊಂದು ಆಕೃತಿಯನ್ನು ಒದಗಿಸಿತು. ಸ್ಟುಡಿಯೋದಲ್ಲಿ ನಾಯಿಕೆಯ ಪಾತ್ರಧಾರಿ ಕತ್ತನ್ನು ಓರೆಯಾಗಿಸಿ ಚೌಕಟ್ಟಿನಾಚೆಗೆ ನೋಡುವಾಗ, ಆ ನೋಟದ ಮೂಲವನ್ನು ರಂಗದಲ್ಲಿ ಮಾತ್ರ ಹುಡುಕಿದರೆ ಸಾಲದು.

ಮೂರನೆಯ ಮೂಲ ರಂಗದೊಳಗೇ ಇದೆ. ಅಂಕದ ಕೊನೆಗೆ ಪಾತ್ರಗಳೆಲ್ಲ ನಿಶ್ಚಲವಾಗಿ ನಿಂತು, ಪರದೆ ಬೀಳುವವರೆಗೆ ಚಿತ್ರದಂತೆ ತೋರುವ ಟ್ಯಾಬ್ಲೋ ಪದ್ಧತಿಯನ್ನು ಪಾರ್ಸಿ ಕಂಪನಿಗಳು ಜನಪ್ರಿಯಗೊಳಿಸಿದವು. ಪ್ರವೇಶಿಸಿದ ನಟ ಒಂದು ನಿಲುವಿನಲ್ಲಿ ತಡೆದು ನಿಂತು, ಜನರ ಕರತಾಡನ ಮುಗಿದ ಬಳಿಕ ಹಾಡು ಎತ್ತಿಕೊಳ್ಳುವುದೂ ಕಂಪನಿ ನಾಟಕದ ಕ್ರಮವೇ. ಎಂದರೆ ಚಲನೆಯನ್ನು ನಿಲ್ಲಿಸಿ ತೋರಿಸುವ ಕಲೆ ನಟನಿಗೆ ಕ್ಯಾಮರಾದಿಂದ ಬಂದದ್ದಲ್ಲ. ಇನ್ನೂ ಹಿಂದಕ್ಕೆ ಹೋದರೆ, ಭರತನು ಪುರುಷರಿಗೆ ವೈಷ್ಣವ, ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಎಂಬ ಆರು ಸ್ಥಾನಗಳನ್ನು ಹೇಳಿದ್ದಾನೆ. ಕಂಪನಿ ನಟರು ನಾಟ್ಯಶಾಸ್ತ್ರವನ್ನು ಓದಿ ನಿಂತರೆಂದು ವಾದಿಸುವುದು ನಮ್ಮ ಇಂಗಿತವಲ್ಲ. ಯಕ್ಷಗಾನ, ಬಯಲಾಟ, ದೇವಾಲಯ ಶಿಲ್ಪ ಇವುಗಳ ನಡುವೆ ಬೆಳೆದ ಸಮುದಾಯಕ್ಕೆ ನಿಲುವಿನಿಂದಲೇ ಪಾತ್ರವನ್ನು ಗುರುತಿಸುವ ಅಭ್ಯಾಸವಿತ್ತೆಂಬುದಷ್ಟೇ ಇಲ್ಲಿ ಪ್ರಸ್ತುತ. ಬಿಲ್ಲು ಹಿಡಿದ ಪಾತ್ರ ಒಂದು ಕಾಲನ್ನು ಬಾಗಿಸಿ ಇನ್ನೊಂದನ್ನು ಚಾಚಿದರೆ ಪ್ರೇಕ್ಷಕನಿಗೆ ಮುಂದಿನ ಕ್ರಿಯೆ ಗೊತ್ತಾಗುತ್ತದೆ.

ಈ ಮೂರು ಮೂಲಗಳು ಒಂದೇ ಚೌಕಟ್ಟಿನಲ್ಲಿ ಯಾವಾಗಲೂ ಹೊಂದಿಕೊಳ್ಳುವುದಿಲ್ಲ. ದರ್ಬಾರಿನ ನಿಲುವು ಲಂಬವಾದುದು, ಭಾವವನ್ನು ಅಡಗಿಸುವಂಥದು. ಮುದ್ರಿತ ಚಿತ್ರದ ನಿಲುವು ಬಾಗುವಂಥದು, ಭಾವವನ್ನು ಸೂಚಿಸುವಂಥದು. ರಂಗದ ನಿಲುವು ಅಗಲವಾದುದು, ದೂರದ ಪ್ರೇಕ್ಷಕನಿಗಾಗಿ ಕೈಕಾಲುಗಳನ್ನು ಚಾಚುವಂಥದು. ಉದ್ದನೆಯ ಕಾರ್ಡಿನೊಳಗೆ ಚಾಚಿದ ಕೈಗೆ ಸ್ಥಳವಿಲ್ಲ. ಆದ್ದರಿಂದ ಗದೆಯನ್ನು ಭುಜಕ್ಕೆ ಒರಗಿಸಬೇಕು, ಬಿಲ್ಲನ್ನು ದೇಹಕ್ಕೆ ಸಮಾಂತರವಾಗಿ ಹಿಡಿಯಬೇಕು, ಆಲೀಢವನ್ನು ಸಮಪಾದಕ್ಕೆ ಸಮೀಪ ತರಬೇಕು. ನಟನ ಆಂಗಿಕವನ್ನು ಚೌಕಟ್ಟು ಹೀಗೆ ಮಡಿಸುತ್ತದೆ. ಗುಬ್ಬಿ ಕಂಪನಿಯ ಕುರುಕ್ಷೇತ್ರದಂಥ ಪ್ರಯೋಗ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದುದಕ್ಕೆ ಹೆಸರಾಯಿತು. ಅಂಥ ನಾಟಕದ ಪಾತ್ರಧಾರಿಯೊಬ್ಬ ಸ್ಟುಡಿಯೋದ ಕಂಬಳಿಯ ಮೇಲೆ ಒಂಟಿಯಾಗಿ ನಿಂತರೆ, ಆ ಚಿತ್ರ ಪ್ರಯೋಗದ ವೈಭವದ ಬಗ್ಗೆ ಏನನ್ನೂ ಹೇಳಲಾರದು.

4

ಬೆಳಕು ಮತ್ತು ಬಣ್ಣಗಳ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು. ಕಂಪನಿ ನಾಟಕದ ರಂಗಕ್ಕೆ ಮುಖ್ಯ ಬೆಳಕು ಬರುತ್ತಿದ್ದುದು ರಂಗದ ಮುಂದಂಚಿನ ಫುಟ್‌ಲೈಟುಗಳಿಂದ, ಎಂದರೆ ಕೆಳಗಿನಿಂದ. ಗದ್ದ, ಮೂಗಿನ ಕೆಳಭಾಗ, ಹುಬ್ಬಿನ ಕೆಳಗಿನ ಗುಳಿ ಇವು ಬೆಳಗಿ, ಹಣೆ ಮಂಕಾಗುವ ಬೆಳಕು ಅದು. ಮುಖವರ್ಣಿಕೆಯನ್ನು ಹಚ್ಚುತ್ತಿದ್ದುದು ಆ ಬೆಳಕಿಗೆ ತಕ್ಕಂತೆ. ಸ್ಟುಡಿಯೋದ ಬೆಳಕಾದರೋ ಮೇಲಿನಿಂದ ಹಾಗೂ ಒಂದು ಪಾರ್ಶ್ವದಿಂದ, ಗಾಜಿನ ಮಾಡಿನ ಮೂಲಕ ಸೋಸಿ ಬರುವಂಥದು. ರಂಗದಲ್ಲಿ ಉಗ್ರವಾಗಿ ತೋರಿದ ಮುಖ ಇಲ್ಲಿ ಸೌಮ್ಯವಾಗುತ್ತದೆ. ಖಳನಾಯಕರ ಭಾವಚಿತ್ರಗಳು ನಮಗೆ ನಿರಪಾಯವಾಗಿ, ಕೆಲವೊಮ್ಮೆ ಹಾಸ್ಯಾಸ್ಪದವಾಗಿ ಕಾಣುವುದಕ್ಕೆ ಒಂದು ಕಾರಣ ಇದೇ ಆಗಿದೆ.

ಬಣ್ಣದ ಮಾತಂತೂ ಸಂಶೋಧಕರು ವಿಶೇಷವಾಗಿ ಗಮನಿಸತಕ್ಕದ್ದು. ಆ ಕಾಲದ ಸಾಮಾನ್ಯ ಗಾಜಿನ ಫಲಕಗಳು ನೀಲಿ ಮತ್ತು ನೇರಳೆ ಕಿರಣಗಳಿಗೆ ಹೆಚ್ಚು ಸ್ಪಂದಿಸುತ್ತಿದ್ದವು. ಹಳದಿಗೆ ಅಲ್ಪವಾಗಿ, ಕೆಂಪಿಗೆ ಬಹುತೇಕ ಇಲ್ಲವೇ ಇಲ್ಲ ಎನ್ನುವಷ್ಟು. 1873ರಲ್ಲಿ ಜರ್ಮನಿಯ ಫೋಗೆಲ್ ಕಂಡುಕೊಂಡ ಕ್ರಮದಿಂದ ಹಸಿರು ಹಳದಿಗಳ ಗ್ರಹಣ ಸುಧಾರಿಸಿತಾದರೂ ಕೆಂಪನ್ನು ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದದ್ದು 1906ರ ಸುಮಾರಿಗೆ. ಅವು ಸ್ಟುಡಿಯೋಗಳ ದಿನಬಳಕೆಗೆ ಬರಲು ಇನ್ನೂ ಕಾಲ ಹಿಡಿಯಿತು. ಇದರ ಪರಿಣಾಮವೇನು? ನೀಲವರ್ಣದ ಕೃಷ್ಣ ಚಿತ್ರದಲ್ಲಿ ಬಿಳಿಚಿಕೊಳ್ಳುತ್ತಾನೆ. ಇಂಗಳೀಕದ ಕೆಂಪು ಕಪ್ಪಾಗುತ್ತದೆ. ಅರದಾಳದ ಹಳದಿ ಮೈಬಣ್ಣ ಮಬ್ಬಾಗುತ್ತದೆ. ಕೆಂಪು ಮಖಮಲ್ಲು ಮತ್ತು ಕಪ್ಪು ಮಖಮಲ್ಲುಗಳ ನಡುವೆ ಭೇದವೇ ಉಳಿಯುವುದಿಲ್ಲ. ಆಕಾಶನೀಲಿ ಸೀರೆ ಬಿಳಿ ಸೀರೆಯಾಗುತ್ತದೆ. ಬಿಳಿ ಸೀರೆ ಉಟ್ಟ ನಾಯಿಕೆಯನ್ನು ಕಂಡು ವಿರಹವೆಂದೋ ವೈಧವ್ಯವೆಂದೋ ಅರ್ಥ ಹೇಳುವವರು ಈ ಭೌತಿಕ ಸಂಗತಿಯನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದನ್ನರಿತ ಛಾಯಾಗ್ರಾಹಕರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ಮುಖವನ್ನು ಬೆಳ್ಳಗಾಗಿಸುತ್ತಿದ್ದರು. ಮುದ್ರಿಸಿದ ಪ್ರತಿಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಹಾಗೆ ಹಚ್ಚಿದ ಬಣ್ಣ ವೇಷದ ನಿಜವಾದ ಬಣ್ಣವಾಗಿತ್ತೆನ್ನಲು ಬೇರೆ ಆಧಾರ ಬೇಕಾಗುತ್ತದೆ.

ಹಿನ್ನೆಲೆಯ ಪರದೆಯ ಬಗೆಗೂ ಒಂದು ಮಾತು ಹೇಳಬೇಕು. ಅಮೆರಿಕದ ವಿಮರ್ಶಕಿ ಜುಡಿತ್ ಮಾರಾ ಗಟ್‌ಮನ್ 1982ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಭಾರತೀಯ ಛಾಯಾಚಿತ್ರಗಳ ಅವಕಾಶಕಲ್ಪನೆ ಪಾಶ್ಚಾತ್ಯಕ್ಕಿಂತ ಭಿನ್ನವಾದುದು, ಲಘುಚಿತ್ರ ಪರಂಪರೆಗೆ ಹತ್ತಿರವಾದುದು ಎಂದು ವಾದಿಸಿದರು. 1997ರಲ್ಲಿ ಕ್ರಿಸ್ಟೋಫರ್ ಪಿನ್ನಿಯವರ ಅಧ್ಯಯನ ಚಿತ್ರಗಳ ಸಾಮಾಜಿಕ ಬಳಕೆಯ ಕಡೆಗೆ ಗಮನ ಸೆಳೆಯಿತು. ಗಟ್‌ಮನ್ ಅವರ ವಾದ ನಮ್ಮ ಅಭಿಮಾನಕ್ಕೆ ಹಿತವಾದರೂ ನಟಭಾವಚಿತ್ರಗಳ ಮಟ್ಟಿಗೆ ಅದನ್ನು ಒಪ್ಪುವುದು ಕಷ್ಟ. ಈ ಚಿತ್ರಗಳ ಚಪ್ಪಟೆತನಕ್ಕೆ ಬರೆದ ಪರದೆ ನಟನ ಬೆನ್ನಿಗೆ ಸಮೀಪವಾಗಿರುವುದು, ಸ್ಟುಡಿಯೋದ ಇಕ್ಕಟ್ಟು, ಹರಡಿದ ಬೆಳಕು ಇವೇ ಸಾಕಷ್ಟು ಕಾರಣಗಳು. ಲಂಡನ್ನಿನ ಅಥವಾ ನ್ಯೂಯಾರ್ಕಿನ ಅದೇ ಕಾಲದ ನಟಚಿತ್ರಗಳಲ್ಲಿಯೂ ಬರೆದ ಕಾಡು, ಕಾಗದದ ಬಂಡೆಗಳು ಇದೇ ಬಗೆಯಲ್ಲಿ ಚಪ್ಪಟೆಯಾಗಿವೆ. ಭಾರತೀಯತೆಯನ್ನು ಪರದೆಯಲ್ಲಿ ಹುಡುಕುವುದಕ್ಕಿಂತ ನಿಲುವಿನಲ್ಲಿ, ಮತ್ತು ಚಿತ್ರವನ್ನು ಬಳಸಿದ ರೀತಿಯಲ್ಲಿ ಹುಡುಕುವುದು ಫಲಪ್ರದ.

5

ಚಿತ್ರದ ಬಂಧ ಯಾರದು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಪಶ್ಚಿಮದಲ್ಲಿ ಇದಕ್ಕೆ ನ್ಯಾಯಾಲಯವೇ ಉತ್ತರ ಕೊಟ್ಟಿತು. 1882ರಲ್ಲಿ ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ಎಂಬ ಪ್ರಸಿದ್ಧ ಛಾಯಾಗ್ರಾಹಕ ಆಸ್ಕರ್ ವೈಲ್ಡನ ಚಿತ್ರಗಳನ್ನು ತೆಗೆದನು. ಅವುಗಳಲ್ಲೊಂದನ್ನು ಅನುಮತಿಯಿಲ್ಲದೆ ಮುದ್ರಿಸಿದ ಸಂಸ್ಥೆಯ ಮೇಲಿನ ಮೊಕದ್ದಮೆಯಲ್ಲಿ 1884ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಭಂಗಿ, ಉಡುಪು, ತೆರೆ, ನೆಳಲು ಬೆಳಕು ಇವೆಲ್ಲವನ್ನು ಅಣಿಗೊಳಿಸಿದವನು ಸರೋನಿಯಾದ್ದರಿಂದ ಅವನೇ ಕರ್ತೃವೆಂದು ತೀರ್ಪು ನೀಡಿತು. ವೈಲ್ಡನು ಮೊಣಕಾಲ ಮೇಲೆ ಮೊಣಕೈಯೂರಿ, ಕೈಯನ್ನು ಕೆನ್ನೆಗೆ ತಂದು, ಪುಸ್ತಕ ಹಿಡಿದು ಕುಳಿತ ಆ ಭಂಗಿಗೆ ವೈಲ್ಡನ ಪಾಲು ಏನೂ ಇಲ್ಲವೆಂಬಂತಾಯಿತು. ಪ್ಯಾರಿಸ್ಸಿನ ನಾದಾರ್ 1864ರ ಸುಮಾರಿಗೆ ತೆಗೆದ ಸಾರಾ ಬರ್ನಾರ್ಡಳ ಚಿತ್ರದಲ್ಲಿ ಪಾತ್ರದ ವೇಷವೇ ಇಲ್ಲ. ಮೈಸುತ್ತಿದ ಒಂದು ಬಟ್ಟೆ, ಒರಗಲೊಂದು ಕಂಬ, ಅಷ್ಟೆ. ಅಲ್ಲಿ ನಟಿಯು ಪಾತ್ರದಿಂದ ಕಳಚಿಕೊಂಡು ವ್ಯಕ್ತಿಯಾಗಿ ಕಾಣಿಸುತ್ತಾಳೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ವೇಷ ಕಂಪನಿಯದು, ನಿಲುವು ನಟನು ಗುರುಮುಖದಿಂದಲೋ ನೋಡಿ ಕಲಿತೋ ತಂದದ್ದು, ಪರದೆ ಮತ್ತು ಬೆಳಕು ಸ್ಟುಡಿಯೋದವು, ಆಕೃತಿಯ ಆದರ್ಶ ಮುದ್ರಿತ ಚಿತ್ರದ್ದು. ಚಿತ್ರ ಸಿದ್ಧವಾದ ಮೇಲೆ ಕರಪತ್ರಕ್ಕಾಗಿ ಬ್ಲಾಕು ಮಾಡುವವನು ಹಿನ್ನೆಲೆಯನ್ನೇ ಕತ್ತರಿಸಿ ಆಕೃತಿಯನ್ನಷ್ಟೇ ಉಳಿಸುವುದುಂಟು. ಹೀಗಾಗಿ ಒಬ್ಬನೇ ಕರ್ತೃವನ್ನು ಹುಡುಕುವುದು ವ್ಯರ್ಥ. ಜಾನಪದ ಕಾವ್ಯದ ಪಾಠಾಂತರಗಳನ್ನು ನೋಡುವಂತೆ ಈ ಚಿತ್ರಗಳ ಪಾಠಾಂತರಗಳನ್ನೂ ನೋಡಬೇಕಾಗಿದೆ: ಮೂಲ ಪ್ರತಿ, ತಿದ್ದಿದ ಪ್ರತಿ, ಬಣ್ಣ ಹಚ್ಚಿದ ಪ್ರತಿ, ಬ್ಲಾಕಿನ ಪ್ರತಿ.

ಕರ್ತೃತ್ವದ ಪ್ರಶ್ನೆ ಅತ್ಯಂತ ತೀವ್ರವಾಗುವುದು ಸ್ತ್ರೀಪಾತ್ರಗಳ ಚಿತ್ರಗಳಲ್ಲಿ. 1892ರಲ್ಲಿ ದೀನದಯಾಳರು ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೋವೊಂದನ್ನು ತೆರೆದರು. ಪರದೆಯಲ್ಲಿದ್ದ ಮಹಿಳೆಯರ ಚಿತ್ರ ತೆಗೆಯಲು ಅದನ್ನು ಇಂಗ್ಲಿಷ್ ಮಹಿಳೆಯೊಬ್ಬರ ವಶಕ್ಕೆ ಕೊಟ್ಟರು. ಆ ಚಿತ್ರಗಳು ಕುಟುಂಬದ ಆಲ್ಬಮ್ಮುಗಳಿಗಾಗಿ. ಹೊರಗಿನವರು ಅವುಗಳನ್ನು ಕಾಣುವಂತಿರಲಿಲ್ಲ. ಅದೇ ಅವಧಿಯಲ್ಲಿ, ಅದರ ಮುಂದಿನ ದಶಕಗಳಲ್ಲಿ, ಸ್ತ್ರೀವೇಷದ ಪುರುಷರ ಚಿತ್ರಗಳು ಕರಪತ್ರಗಳಲ್ಲಿಯೂ ಅಂಗಡಿಗಳ ಗೋಡೆಗಳಲ್ಲಿಯೂ ಬಹಿರಂಗವಾಗಿ ಹರಡಿದವು. ಬಾಲಗಂಧರ್ವರ (1888–1967) ಉದಾಹರಣೆ ಎಲ್ಲರಿಗೂ ತಿಳಿದದ್ದು. ಸೀರೆಯ ನಿರಿಗೆ, ಹೂ ಮುಡಿದ ಬಗೆ, ಸ್ವಲ್ಪ ಓರೆಯಾದ ಕತ್ತು ಇವುಗಳನ್ನು ಸ್ತ್ರೀಯರೇ ಅನುಕರಿಸಿದರೆಂದು ಮರಾಠಿ ಬರಹಗಾರರು ಮತ್ತೆ ಮತ್ತೆ ಹೇಳುತ್ತಾರೆ. ಉತ್ತರ ಕರ್ನಾಟಕದ ಮಂಡಳಿಗಳ ಮೇಲೆ ಆ ರಂಗಭೂಮಿಯ ಪ್ರಭಾವ ಗಾಢವಾಗಿತ್ತೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇಲ್ಲಿ ಬಂಧದ ಪ್ರಶ್ನೆ ಸಮಾಜದ ಪ್ರಶ್ನೆಯಾಗಿ ಮಾರ್ಪಡುತ್ತದೆ. ನಿಜವಾದ ಸ್ತ್ರೀಯ ಚಿತ್ರ ಅಡಗಿದ್ದ ಕಾಲದಲ್ಲಿ, ಸ್ತ್ರೀಯು ಹೇಗೆ ನಿಲ್ಲಬೇಕು, ಎತ್ತ ನೋಡಬೇಕು, ಕೈಯನ್ನು ಎಲ್ಲಿಡಬೇಕು ಎಂಬುದರ ಬಹಿರಂಗ ಮಾದರಿಯನ್ನು ಪುರುಷದೇಹ ಒದಗಿಸಿತು. ಆ ಚಿತ್ರಗಳ ರಚನೆಯನ್ನು ಗಮನಿಸಿದರೆ ಅಗಲವಾದ ಭುಜವನ್ನು ಮರೆಸಲು ದೇಹವನ್ನು ಮುಕ್ಕಾಲು ಪಾಲು ತಿರುಗಿಸುವುದು, ಕೊರಳನ್ನು ಆಭರಣದಿಂದ ತುಂಬುವುದು, ಸೆರಗನ್ನು ಎದೆಯ ಮೇಲೆ ದಟ್ಟವಾಗಿ ಹರಡುವುದು, ಕೈಯ ದಪ್ಪ ಕಾಣದಂತೆ ಬೆರಳುಗಳಿಂದ ಹೂವನ್ನೋ ಸೆರಗಿನ ತುದಿಯನ್ನೋ ಹಿಡಿಯುವುದು ಕಂಡುಬರುತ್ತವೆ. ಇವು ಮರೆಮಾಚುವ ತಂತ್ರಗಳು. ಆದರೆ 1920ರ ದಶಕದಿಂದ ಗುಬ್ಬಿ ಕಂಪನಿಯಂಥ ಮಂಡಳಿಗಳಲ್ಲಿ ನಟಿಯರು ಸ್ತ್ರೀಪಾತ್ರಗಳನ್ನು ವಹಿಸತೊಡಗಿದ ಮೇಲೆಯೂ ಸ್ತ್ರೀಪಾತ್ರದ ಭಾವಚಿತ್ರ ಅದೇ ಮುಕ್ಕಾಲು ತಿರುವನ್ನು, ಅದೇ ಬಾಗಿದ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಮರೆಸಬೇಕಾದುದು ಇಲ್ಲವಾದರೂ ಮರೆಸುವ ಭಂಗಿ ಉಳಿಯಿತು. ಅದು ಲಜ್ಜೆಯ ಲಕ್ಷಣವೆಂಬ ಹೆಸರನ್ನು ಪಡೆಯಿತು. ಅಡ್ಡಿಯೊಂದನ್ನು ನಿವಾರಿಸಲು ಹುಟ್ಟಿದ ಕೌಶಲ ಶೀಲದ ಕುರುಹಾಗಿ ಪರಿಣಮಿಸಿದ ಈ ಕ್ರಮ ಸ್ತ್ರೀವಾದಿ ಅಧ್ಯಯನಕಾರರ ಗಮನಕ್ಕೆ ಇನ್ನೂ ಹೆಚ್ಚಾಗಿ ಬರಬೇಕು. ಕಡಪಾ ಜಿಲ್ಲೆಯ ಸುರಭಿ ಗ್ರಾಮದಲ್ಲಿ 1885ರಲ್ಲಿ ಆರಂಭವಾಗಿ ಮುಂದೆ ಹೈದರಾಬಾದಿನಲ್ಲಿ ನೆಲೆಗೊಂಡ ಸುರಭಿ ತಂಡಗಳಲ್ಲಿ ಕುಟುಂಬದ ಸ್ತ್ರೀಯರೇ ಬಹುಕಾಲದಿಂದ ಪಾತ್ರವಹಿಸುತ್ತ ಬಂದಿದ್ದಾರೆ. ಆ ತೆಲುಗು ಪರಂಪರೆಯ ಚಿತ್ರಗಳನ್ನು ಕನ್ನಡ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿದರೆ ನಮ್ಮ ಈ ಊಹೆಯ ಸತ್ಯಾಸತ್ಯತೆ ಸ್ಪಷ್ಟವಾದೀತು.

ಇದಕ್ಕೆ ಎದುರಾಗಿ ಪುರುಷನಟನ ಇನ್ನೊಂದು ಬಗೆಯ ಚಿತ್ರವಿದೆ: ವೇಷವಿಲ್ಲದ ಚಿತ್ರ. ಪೇಟ, ಮುಚ್ಚುಕೋಟು, ಎದೆಯ ಮೇಲೆ ಸಾಲಾಗಿ ಪದಕಗಳು, ದೃಷ್ಟಿ ನೇರವಾಗಿ ಕ್ಯಾಮರಾದ ಕಡೆಗೆ. ನಾಟಕದವನೆಂದರೆ ಗೌರವ ಕಡಿಮೆಯಿದ್ದ ಸಮಾಜದಲ್ಲಿ ಇದು ಗೃಹಸ್ಥನೆಂದು ತನ್ನನ್ನು ಸ್ಥಾಪಿಸಿಕೊಳ್ಳುವ ಚಿತ್ರ. ವರದಾಚಾರ್ಯರಿಗೆ (1869–1926) ನಾಟಕ ಶಿರೋಮಣಿ ಎಂಬ, ಗುಬ್ಬಿ ವೀರಣ್ಣನವರಿಗೆ (ನಿಧನ 1972) ನಾಟಕರತ್ನ ಎಂಬ ಬಿರುದುಗಳು ಸಂದುವು. ಬಿರುದು ಮಾತಿನಲ್ಲಿ ಮಾಡಿದ ಕೆಲಸವನ್ನು ಪದಕದ ಸಾಲು ಚಿತ್ರದಲ್ಲಿ ಮಾಡುತ್ತದೆ. ಸದಾರಮೆಯಲ್ಲಿ ಕಳ್ಳನ ಪಾತ್ರದಿಂದ ಜನರನ್ನು ನಗಿಸಿದ ವೀರಣ್ಣನವರಂಥ ಹಾಸ್ಯನಟರ ವಿಷಯದಲ್ಲಿ ಈ ಎರಡು ಬಗೆಯ ಚಿತ್ರಗಳ ಅಂತರ ಅತ್ಯಂತ ಗಮನಾರ್ಹ. ಹಾಸ್ಯ ಚಲನೆಯಲ್ಲಿದೆ, ಮಾತಿನ ಸಮಯಸ್ಫೂರ್ತಿಯಲ್ಲಿದೆ. ಅದನ್ನು ಹಿಡಿಯಲು ಸ್ಟುಡಿಯೋದ ಚಿತ್ರಕ್ಕೆ ಶಕ್ತಿಯಿಲ್ಲ. ಆದ್ದರಿಂದ ಚಿತ್ರಗಳಿಂದ ಮಾತ್ರ ಇತಿಹಾಸ ಬರೆದರೆ ರಾಜಪಾತ್ರದವರು ದೊಡ್ಡವರಾಗಿ, ಹಾಸ್ಯಗಾರರು ಚಿಕ್ಕವರಾಗಿ ತೋರುವ ಅಪಾಯವಿದೆ.

6

ಇಷ್ಟರಿಂದ ಈ ಚಿತ್ರಗಳು ಇತಿಹಾಸಕ್ಕೆ ನಿರುಪಯುಕ್ತವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಅವು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬ ವಿವೇಚನೆಯಷ್ಟೇ ಬೇಕು. ಪ್ರಯೋಗದ ಚಲನೆಗೆ, ಬೆಳಕಿಗೆ, ಬಣ್ಣಕ್ಕೆ ಅವು ದುರ್ಬಲ ಸಾಕ್ಷಿಗಳು. ಕಸೂತಿ, ಆಭರಣ, ಆಯುಧ, ಕಿರೀಟ ಇವುಗಳ ಆಕಾರಕ್ಕೆ ಸಾಕಷ್ಟು ಪ್ರಬಲವಾದವು. ಕಂಪನಿಯು ತನ್ನನ್ನು ಲೋಕಕ್ಕೆ ಹೇಗೆ ತೋರಿಸಿಕೊಳ್ಳಬಯಸಿತು ಎಂಬುದಕ್ಕಂತೂ ಅವುಗಳಿಗಿಂತ ಉತ್ತಮವಾದ ಸಾಕ್ಷಿ ಇಲ್ಲ. ಮಂಡಳಿಯ ಸಮೂಹಚಿತ್ರವನ್ನು ನೋಡಿ: ಮಾಲೀಕನು ನಡುವೆ ಕುರ್ಚಿಯಲ್ಲಿ, ಮುಖ್ಯ ನಟರು ಅವನ ಎಡಬಲಗಳಲ್ಲಿ, ಉಳಿದವರು ಹಿಂದೆ ನಿಂತು, ಬಾಲನಟರು ನೆಲದ ಮೇಲೆ. ಸಂಬಳದ ಪುಸ್ತಕ ಸಿಕ್ಕದ ಕಡೆ ಈ ಸಾಲುಗಳೇ ಮಂಡಳಿಯ ಒಳಗಿನ ಶ್ರೇಣಿಯನ್ನು ಓದಿಸಬಲ್ಲವು.

ವಿಷಯದ ತುರ್ತು ಏನೆಂಬುದನ್ನೂ ಹೇಳಬೇಕು. 1934ರ ಮಾರ್ಚಿಯಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನದ ಪ್ರತಿ ಉಳಿದಿಲ್ಲ. ಸುಬ್ಬಯ್ಯನಾಯ್ಡು ಮೊದಲಾದ ರಂಗನಟರೇ ಅಭಿನಯಿಸಿದ ಆ ಚಿತ್ರವನ್ನು ಇಂದು ನಾವು ಕೆಲವು ಸ್ಥಿರಚಿತ್ರಗಳಿಂದ ಮಾತ್ರ ಊಹಿಸಬೇಕಾಗಿದೆ. ಚಲಿಸಿದ್ದು ಅಳಿದು ನಿಂತದ್ದು ಉಳಿದಾಗ ನಿಂತದ್ದರ ವ್ಯಾಕರಣವನ್ನು ತಿಳಿಯುವುದು ಅನಿವಾರ್ಯವಾಗುತ್ತದೆ. ಇಲ್ಲವಾದರೆ ಸ್ಟುಡಿಯೋದ ಕಂಬಳಿ ಕುರ್ಚಿಗಳನ್ನೇ ನಮ್ಮ ರಂಗಭೂಮಿಯೆಂದು ಮುಂದಿನವರು ನಂಬಿಯಾರು.

ಕರ್ನಾಟಕದ ಹೊರಗಿರುವ ಸಂಶೋಧಕರಿಗೆ ಈ ಕಾರ್ಯದಲ್ಲಿ ವಿಶೇಷ ಪಾತ್ರವಿದೆ. ಕಂಪನಿಗಳಿಗೆ ರಾಜ್ಯದ ಗಡಿಗಳಿರಲಿಲ್ಲ. ಗುಬ್ಬಿ ಕಂಪನಿ ತೆಲುಗು ನಾಡಿನಲ್ಲಿಯೂ ಪ್ರಯೋಗಗಳನ್ನು ನೀಡಿತು. ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂದು ವೀರಣ್ಣನವರು ಕರೆಸಿಕೊಂಡದ್ದೇ ಇದಕ್ಕೆ ನಿದರ್ಶನ. ಕಂಪನಿ ಬೀಡುಬಿಟ್ಟ ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಚಿತ್ರದ ನೆಗೆಟಿವ್ ಆ ಊರಿನಲ್ಲಿಯೇ ಉಳಿಯುವುದು ಸಹಜ. ಹೈದರಾಬಾದು, ಸಿಕಂದರಾಬಾದು, ಸೊಲ್ಲಾಪುರ, ಕರ್ನೂಲು, ಅನಂತಪುರಗಳ ಹಳೆಯ ಸ್ಟುಡಿಯೋಗಳ ಸಂಗ್ರಹಗಳನ್ನು ಕನ್ನಡ ರಂಗಭೂಮಿಯ ದೃಷ್ಟಿಯಿಂದ ಶೋಧಿಸಬೇಕಾಗಿದೆ. ಶೋಧಿಸುವಾಗ ಚಿತ್ರದ ಮುಖವನ್ನು ಮಾತ್ರ ಪ್ರತಿಮಾಡಿಕೊಂಡರೆ ಸಾಲದು. ಅಂಟಿಸಿದ ರಟ್ಟು, ಅದರ ಮೇಲಿನ ಸ್ಟುಡಿಯೋದ ಮುದ್ರೆ, ಹಿಂಬದಿಯ ಕೈಬರಹ, ಪೆನ್ಸಿಲಿನ ತಿದ್ದುಪಡಿ, ಕತ್ತರಿಸಿದ ಅಂಚು ಇವೆಲ್ಲವನ್ನೂ ದಾಖಲಿಸಬೇಕು. ಅದೇ ಪರದೆ ಬೇರೆ ಯಾರ ಚಿತ್ರದಲ್ಲಿ ಕಾಣುತ್ತದೆಂಬುದನ್ನು ಗುರುತಿಸಿಕೊಂಡರೆ ಊರನ್ನೂ ಕಾಲವನ್ನೂ ನಿರ್ಧರಿಸಲು ನೆರವಾಗುತ್ತದೆ. ಪುಸ್ತಕಗಳಲ್ಲಿ ಅಚ್ಚುಹಾಕುವಾಗ ಇಂಥ ನಾಟಕದ ದೃಶ್ಯ ಎಂದು ಬರೆಯುವುದನ್ನು ಬಿಟ್ಟು, ಇಂಥ ಪಾತ್ರದ ವೇಷದಲ್ಲಿ ಇಂಥವರ ಸ್ಟುಡಿಯೋ ಭಾವಚಿತ್ರ ಎಂದು ಬರೆಯುವ ಶಿಸ್ತನ್ನು ರೂಢಿಸಿಕೊಳ್ಳುವುದು ಮೊದಲ ಹೆಜ್ಜೆ.

ಶಾಸನವನ್ನು ಓದುವವನು ಅಕ್ಷರದ ಜೊತೆಗೆ ಕಲ್ಲನ್ನೂ, ಕಲ್ಲು ನಿಂತ ಜಾಗವನ್ನೂ ಓದುತ್ತಾನೆ. ನಟಭಾವಚಿತ್ರಕ್ಕೂ ಅಷ್ಟು ಗೌರವ ಸಲ್ಲಬೇಕು. ಆಗ ದರ್ಬಾರಿಗೂ ಬಯಲಾಟಕ್ಕೂ, ಗೋಡೆಯ ಪಟಕ್ಕೂ ರಂಗದ ಪರದೆಗೂ ನಡುವೆ ನಿಂತು ಎಲ್ಲರಿಂದಲೂ ಪಡೆದು ತನ್ನದೊಂದು ನಿಲುವನ್ನು ಕಂಡುಕೊಂಡ ಕನ್ನಡ ನಟ, ನಟಿಯರ ಚರಿತ್ರೆ ಬರೆಯುವುದಕ್ಕೆ ಈ ಚಿತ್ರಗಳು ಯೋಗ್ಯ ಆಕರವಾಗುತ್ತವೆ ಎಂಬುದು ನಮ್ಮ ಅಭಿಪ್ರಾಯ.